ಬೆನ್ನ ಹಿಂದಿನ ಗಂಟು

ಹಳೆಯ ಕಾಲದ ರಂಗದ ರಾಜ ಏನು ತೊಡುತ್ತಿದ್ದ ಎಂದು ಕೇಳುತ್ತ ಊರೂರು ಅಲೆಯುವ ಹೆಂಗಸು ಪಜೀತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗಾಗಿ ಕಾದಿರುತ್ತವೆ.

ನಾನು ಗದಗದ ಕಡೆಯವಳು. ಐವತ್ತರ ಹತ್ತಿರ ಬಂದಾಗ ಹೈಸ್ಕೂಲಿನ ಟೀಚರ್ ಕೆಲಸ ಬಿಟ್ಟು, ರಂಗದ ವೇಷಭೂಷಣದ ಇತಿಹಾಸ ಓದುತ್ತೇನೆಂದು ಹಟ ಹಿಡಿದು ಮೂಡುಬಿದಿರೆಗೆ ಬಂದು ಮನೆ ಮಾಡಿದೆ. ಮನೆಯೆಂದರೆ ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ಗೋಡೆಯಾಚೆ ಒಂದು ಬ್ಯಾರಿ ಮುಸ್ಲಿಂ ಕುಟುಂಬ. ಊಟದ ಹೊತ್ತಿಗೆ ಅಲ್ಲಿ ಎಲ್ಲರೂ ಒಟ್ಟಿಗೆ ನಗುತ್ತಾರೆ. ನಾನು ಈಚೆ ಅನ್ನ ಕಲಸುತ್ತ, ಏನು ತಮಾಷೆ ನಡೆದಿರಬಹುದೆಂದು ಯೋಚಿಸುತ್ತೇನೆ. ಆ ಮನೆಯ ಅಜ್ಜಿಗೂ ನನಗೂ ಎರಡು ವರ್ಷದಲ್ಲಿ ಅಂಗಳದಲ್ಲಿ ಒಂದು ನಗುವಿನಾಚೆ ವ್ಯವಹಾರ ಬೆಳೆದಿರಲಿಲ್ಲ. ಹೋಗಿ ಬಾಗಿಲು ತಟ್ಟಬೇಕೆಂದು ಎಷ್ಟೋ ಸಲ ಅನಿಸಿತ್ತು. ಏನು ನೆಪ ಹೇಳುವುದೆಂದು ತಿಳಿಯದೆ ಸುಮ್ಮನಾಗುತ್ತಿದ್ದೆ.

ಹಳೇ ಬಟ್ಟೆಯವಳು

ಸಿದ್ಧಕಟ್ಟೆಯಲ್ಲಿ ಯಕ್ಷಗಾನದ ಹಿರಿಯ ಕಲಾವಿದರೊಬ್ಬರ ಮನೆಯಲ್ಲಿ ಅವರ ಕಾಲದ ವೇಷದ ಬಟ್ಟೆಗಳಿವೆ ಎಂದು ಕೇಳಿ ಹೋದೆ. ಅವರು ಪೇಟೆಗೆ ಹೋಗಿದ್ದರು. ಬಾಗಿಲು ತೆರೆದದ್ದು ಸೊಸೆ.

"ನಾನು ಟೀಚರ್ ಆಗಿದ್ದವಳು. ಹಳೆಯ ಬಟ್ಟೆ ಇದೆಯಂತಲ್ಲ, ಅದಕ್ಕೆ ಬಂದೆ" ಎಂದೆ.

"ಉಂಟು, ಉಂಟು! ಕೂತ್ಕೊಳ್ಳಿ ಟೀಚರೇ" ಎಂದು ಒಳಗೆ ಹೋದವಳು ಒಂದು ಗೋಣಿಚೀಲ ಎಳೆದುಕೊಂಡು ಬಂದಳು. ಮೇಲೆ ಎರಡು ನೈಟಿ, ಕೆಳಗೆ ಗಂಡನ ಪ್ಯಾಂಟುಗಳು.

"ನೆರೆ ಬಂದ ಕಡೆಗೆ ಕೊಡ್ಲಿಕ್ಕಲ್ವಾ? ಪುಣ್ಯದ ಕೆಲಸ."

ಅಲ್ಲ ಎನ್ನುವಷ್ಟರಲ್ಲಿ ಸುದ್ದಿ ಬೇಲಿ ದಾಟಿ ಪಕ್ಕದವಳೂ ಒಂದು ಚೀಲ ತಂದಳು. ಒಬ್ಬಳು ಬೆಲ್ಲ ನೀರು ಕೊಟ್ಟಳು, ಇನ್ನೊಬ್ಬಳು ಬಾಳೆಹಣ್ಣು ಕೊಟ್ಟು ನನ್ನ ಊರು, ಮನೆ, ಫೋನ್ ನಂಬರು ಎಲ್ಲ ವಿಚಾರಿಸಿದಳು. ಇಷ್ಟೆಲ್ಲ ವಿಚಾರಿಸಿಕೊಂಡ ಮೇಲೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಎರಡೂ ಚೀಲ ಹೊತ್ತುಕೊಂಡು ಬಸ್ಸು ಹತ್ತಿ, ಬಟ್ಟೆಯನ್ನು ಬೇಕಾದವರಿಗೆ ಮುಟ್ಟಿಸಿದೆ.

ಮುಂದಿನ ವಾರ ಆ ಸೊಸೆಯ ಫೋನು ಬಂತು. "ಟೀಚರೇ, ಇನ್ನೂ ನಾಲ್ಕು ಚೂಡಿದಾರ ಉಂಟು. ಯಾವಾಗ ಬರ್ತೀರಿ?"

ಈ ಜಿಲ್ಲೆಯಲ್ಲಿ 'ಯಾವಾಗ ಬರ್ತೀರಿ' ಎಂದು ನನ್ನನ್ನು ಕೇಳಿದವರಲ್ಲಿ ಆಕೆಯೇ ಮೊದಲು. ನಾಳೆಯೇ ಬರುತ್ತೇನೆ ಎಂದುಬಿಟ್ಟೆ.

ಮಖಮಲ್ಲಿನ ಕೋಟು

ಬಂಟ್ವಾಳದ ಹತ್ತಿರದ ಒಂದು ಜೈನ ಮನೆ. ಯಜಮಾನರ ತಂದೆ ಹಿಂದೆ ನಾಟಕ ಆಡಿಸುತ್ತಿದ್ದವರಂತೆ. ಪೆಟ್ಟಿಗೆ ತೆರೆದರೆ ಮೇಲೆಯೇ ಕೆಂಪು ಮಖಮಲ್ಲಿನ ಕೋಟು, ತೋಳಿಗೆ ಜರಿ ಪಟ್ಟಿ, ಹೆಗಲಿಗೆ ಕುಚ್ಚು. ಎತ್ತಿ ಬೆಳಕಿಗೆ ಹಿಡಿದೆ. ಕಂಪೆನಿ ನಾಟಕಗಳ ರಾಜರಿಗೆ ಇಂಥ ಕೋಟು ಎಲ್ಲಿಂದ ಬಂತು, ದೀಪದ ಬೆಳಕಿಗೆ ಜರಿ ಯಾಕೆ ಬೇಕಾಯಿತು, ಕುಚ್ಚಿನಿಂದ ನಟನ ಹೆಗಲು ಹೇಗೆ ಅಗಲವಾಗಿ ಕಾಣುತ್ತದೆ ಎಂದೆಲ್ಲ ಹೇಳುತ್ತ ಹೋದೆ. ಯಜಮಾನರು ಗಲ್ಲಕ್ಕೆ ಕೈಯಿಟ್ಟು ಕೇಳಿದರು. ಎಳನೀರು ಬಂತು, ಕುಡಿದು ಮತ್ತೆ ಮುಂದುವರಿಸಿದೆ. ಕೊನೆಗೆ, "ಇದನ್ನು ತೊಟ್ಟ ಪಾತ್ರ ಯಾವುದು?" ಎಂದು ಕೇಳಿದೆ.

"ಪಾತ್ರ ಅಂತ ಇಲ್ಲ. ಅದು ಬ್ಯಾಂಡಿನವರದ್ದು. ನನ್ನ ಮದುವೆ ದಿನ ಒಬ್ಬ ಸೆಕೆ ಅಂತ ಬಿಚ್ಚಿಟ್ಟವ ಹಾಗೇ ಮರೆತು ಹೋದ."

"ಅಯ್ಯೋ, ಮೊದಲೇ ಹೇಳಬಾರದಿತ್ತೇ?"

"ನೀವು ಎಷ್ಟು ಚಂದ ಮಾತಾಡ್ತಾ ಇದ್ರಿ! ತುಂಬ ದಿನದಿಂದ ಮಾತಾಡ್ಲಿಕ್ಕೆ ಯಾರೂ ಸಿಗದವರ ಹಾಗೆ ಕಂಡಿತು. ನಡುವೆ ನಿಲ್ಲಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಕಿರೀಟಕ್ಕೆ ಸೀಟು

ನನ್ನ ಮಾರ್ಗದರ್ಶಕರು ಮೈಸೂರಿನಲ್ಲಿರುತ್ತಾರೆ. "ರಾಜವೇಷದ ಭಾರದ ಬಗ್ಗೆ ಬರೆದಿದ್ದೀರಿ. ಒಮ್ಮೆಯಾದರೂ ತೊಟ್ಟು ನೋಡಿದ್ದೀರಾ?" ಎಂದು ಫೋನಿನಲ್ಲೇ ಗದರಿದರು. ಕಕ್ಕಿಂಜೆಯಲ್ಲಿ ವೇಷ ಬಿಟ್ಟು ವಿಶ್ರಾಂತಿಯಲ್ಲಿದ್ದ ಯಕ್ಷಗಾನ ಕಲಾವಿದರೊಬ್ಬರು ದೊಡ್ಡ ಮನಸ್ಸು ಮಾಡಿ ಇಡೀ ರಾಜವೇಷವನ್ನೇ ನನಗೆ ಒಪ್ಪಿಸಿದರು.

"ಆದ್ರೆ ಒಬ್ಬರೇ ಕಟ್ಟಿಕೊಳ್ಳಲಿಕ್ಕೆ ಆಗುದಿಲ್ಲ ಟೀಚರೇ. ಗಂಟೆಲ್ಲ ಬೆನ್ನ ಹಿಂದೆ. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ನಾವೇ ಹಚ್ಚಿಕೊಳ್ಳುದು, ಆದ್ರೆ ಗಂಟು ಹಾಕ್ಲಿಕ್ಕೆ ಇನ್ನೊಬ್ಬರು ಬೇಕೇ ಬೇಕು. ಮನೆಯಲ್ಲಿ ಯಾರಿದ್ದಾರೆ?"

"ಇದ್ದಾರೆ" ಎಂದೆ. ಯಾರೂ ಇಲ್ಲ ಎನ್ನಲು ನಾಚಿಕೆಯಾಯಿತು.

ಬಟ್ಟೆಯ ಗಂಟು ಬಸ್ಸಿನ ಹಿಂದಿನ ಡಿಕ್ಕಿಗೆ ಹೋಯಿತು. ಬಿಳಿ ಪಂಚೆಯಲ್ಲಿ ಸುತ್ತಿದ ಕಿರೀಟವನ್ನು ಸೀಟಿನ ಮೇಲಿಟ್ಟು ಪಕ್ಕದಲ್ಲಿ ಕೂತೆ. ಬಸ್ಸು ತುಂಬಿತು. ದೇವರ ಮೂರ್ತಿ ಇರಬೇಕೆಂದು ಯಾರೂ ಅದನ್ನು ಮುಟ್ಟಲಿಲ್ಲ. ಮಗು ಎತ್ತಿಕೊಂಡ ಹೆಂಗಸೊಬ್ಬಳು ಬಂದು ನಿಂತಳು. ಏಳಬೇಕಾದವಳು ನಾನೇ ಆದೆ. ಬೆಳ್ತಂಗಡಿಯವರೆಗೆ ಕಂಬಿ ಹಿಡಿದು ತೂಗಾಡಿದೆ. ಇಳಿಯುವಾಗ ಪಂಚೆ ಜಾರಿ ಒಳಗಿನ ಬಂಗಾರದ ಬಣ್ಣ ಕಾಣಿಸಿತು.

ಕಂಡಕ್ಟರ್ ಬಾಯಿಬಿಟ್ಟು ನೋಡಿದ. "ಎಂಥ ಮಾರಾಯ್ರೇ! ಕಿರೀಟಕ್ಕೆ ಸೀಟುಂಟು, ರಾಣಿಗಿಲ್ಲ!"

ಕಿಟಕಿಗೆ ಕಟ್ಟಿದ ರಾಜ

ಭಾನುವಾರ ಮಧ್ಯಾಹ್ನ ತೊಡಲು ಕೂತೆ. ಚೌಕಿಯಲ್ಲಿ ಕಿರೀಟ ಕೊನೆಗೆ. ನನಗೆ ಆಸೆ ತಡೆಯದೆ ಮೊದಲು ಅದನ್ನೇ ಬಿಗಿದುಕೊಂಡೆ. ಗೆಜ್ಜೆ ಕಟ್ಟಿದೆ, ದಗಲೆ ಎಂಬ ಉದ್ದ ತೋಳಿನ ಅಂಗಿ ತೊಟ್ಟೆ. ಭುಜಕ್ಕೆ ಮರದ ಭುಜಕೀರ್ತಿ ಏರಿತು. ಉಳಿದದ್ದು ಎದೆಕಟ್ಟು ಮತ್ತು ಸೊಂಟದ ಪಟ್ಟಿ. ಹಿಂದೆ ನಿಂತು ಗಂಟು ಹಾಕುವವರು ಬೇಕಾದದ್ದು ಈಗಲೇ.

ನಾನು ಉಪಾಯ ಮಾಡಿದೆ. ಹಗ್ಗಗಳ ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು, ಗಿರಿಗಿರಿ ತಿರುಗಿ, ಹಿಂದಕ್ಕೆ ಕೈಹಾಕಿ ಹೇಗೋ ಬಿಗಿದೆ. ಎಂಥ ಗಂಟು! ಬೆನ್ನು ತಾನಾಗಿ ನೆಟ್ಟಗಾಯಿತು, ನಡೆದರೆ ನೆಲವೇ ನನ್ನದೆನಿಸಿತು. ರಾಜ ಹಾಗೇಕೆ ನಡೆಯುತ್ತಾನೆಂಬುದು ಒಂದೇ ಕ್ಷಣದಲ್ಲಿ ತಿಳಿಯಿತು. ಬಿಚ್ಚಲು ಹೋದಾಗ ಗಂಟು ಕಚ್ಚಿಕೊಂಡಿತ್ತು. ಭುಜಕೀರ್ತಿ ಅಡ್ಡ ಬಂದು ಕೈ ತಲೆಯತ್ತ ಏರುತ್ತಿರಲಿಲ್ಲ, ಹಾಗಾಗಿ ಕಿರೀಟವನ್ನೂ ತೆಗೆಯುವಂತಿಲ್ಲ. ಕತ್ತರಿಸೋಣವೆಂದರೆ ಇನ್ನೊಬ್ಬರ ಸೊತ್ತು.

ಫೋನು ಹಿಡಿದೆ. ಮಾರ್ಗದರ್ಶಕರು ಮೈಸೂರಿನಲ್ಲಿ, ತಂಗಿ ಗದಗದಲ್ಲಿ, ಕಲಾವಿದರು ಕಕ್ಕಿಂಜೆಯಲ್ಲಿ. ಹತ್ತಿರದಲ್ಲಿರುವವರ ನಂಬರೆಂದು ನನ್ನಲ್ಲಿ ಇದ್ದದ್ದು ಗ್ಯಾಸ್ ತರುವವನದು. ಅವನು ಎತ್ತಲಿಲ್ಲ. ಆಗ ನಿಜವಾಗಿ ಅಳು ಬಂತು. ಕನ್ನಡಿಯಲ್ಲಿ ರಾಜನೊಬ್ಬ ಮೂಗು ಒರೆಸಿಕೊಳ್ಳುವುದು ಕಂಡು ನಗುವೂ ಬಂತು. ಗೋಡೆಯಾಚೆ ಎಂದಿನಂತೆ ಊಟದ ಗದ್ದಲ ನಡೆದಿತ್ತು.

ಹೊರಟೆ. ಕಾಲಿಂಗ್ ಬೆಲ್ ಒತ್ತುವ ಮೊದಲೇ ಗೆಜ್ಜೆಯ ಸದ್ದಿಗೆ ಬಾಗಿಲು ತೆರೆಯಿತು. ಅಜ್ಜಿ ನಿಂತಿದ್ದರು, ಹಿಂದೆ ಮನೆಮಂದಿಯೆಲ್ಲ. ಅಜ್ಜಿ ನನ್ನನ್ನು ಕಿರೀಟದಿಂದ ಗೆಜ್ಜೆಯವರೆಗೆ ಒಮ್ಮೆ ನೋಡಿದರು.

"ಗಂಟು ಬಿಚ್ಚಬೇಕಿತ್ತು" ಎಂದೆ.

"ಬನ್ನಿ, ಬಗ್ಗಿ ಬನ್ನಿ. ಕಿರೀಟ ತಾಗ್ತದೆ" ಎಂದರು ಅಜ್ಜಿ.

ಸೊಸೆಯಂದಿರಿಬ್ಬರು ಹಿಂದೆ ಕೂತು ಗಂಟಿಗೆ ಉಗುರು ಹಾಕಿದರು. ಮುಂದೆ ಒಬ್ಬರು ತಟ್ಟೆ ತಂದಿಟ್ಟರು. ಬಗ್ಗಲಾಗದ ರಾಜನಿಗೆ ಅಜ್ಜಿಯೇ ಅಕ್ಕಿರೊಟ್ಟಿಯಂಥ ಪತ್ತಿರಿಯ ತುಂಡನ್ನು ಮೀನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ನನಗೆ ಮತ್ತೆ ಕಣ್ಣು ತುಂಬಿತು. ಖಾರವೆಂದುಕೊಂಡು ಅವರು ನೀರು ಕುಡಿಸಿದರು. ಗಂಟು ಸಡಿಲವಾಗಿ ಉಸಿರು ಹೊರಬಿದ್ದಾಗ, ಕೊಟ್ಟ ತೊಂದರೆಗೆ ಕ್ಷಮಿಸಬೇಕು ಎಂದೆ.

ಅಜ್ಜಿ ಎರಡೂ ಕೈಯಿಂದ ಕಿರೀಟವನ್ನು ಮೆಲ್ಲನೆ ಎತ್ತಿ ಮಡಿಲಲ್ಲಿಟ್ಟುಕೊಂಡರು.

"ಪಕ್ಕದ ಮನೆಯ ಟೀಚರ್ ಒಮ್ಮೆಯೂ ಬರ್ಲಿಲ್ಲಾಂತ ನಾನು ಎರಡು ವರ್ಷದಿಂದ ಹೇಳ್ತಾನೇ ಇದ್ದೆ. ಬಂದದ್ದು ಖುಷಿ ಆಯ್ತು. ಆದ್ರೆ ನಮ್ಮ ಮನೆಗೆ ಬರ್ಲಿಕ್ಕೆ ಇಷ್ಟೆಲ್ಲ ಡ್ರೆಸ್ ಮಾಡ್ಬೇಕಂತ ಇರ್ಲಿಲ್ಲ."