ಅಪ್ಪನ ಎಡವುವ ಸ್ವರ

ಮಧ್ಯರಾತ್ರಿ ಎಲ್ಲೋ ‘ಕುಂಯ್’ ಎಂದಿತು.

ಬಿಚ್ಚಪ್ಪ ಎದ್ದು ಕೂತ. ಅವನ ನಿಜವಾದ ಹೆಸರು ಮನೆಯವರಿಗೇ ಮರೆತಿತ್ತು. ಹಳೆಯ ರೇಡಿಯೊ, ಹಾಡುವ ಗೊಂಬೆ, ಏನು ಸಿಕ್ಕರೂ ಬಿಚ್ಚುತ್ತಿದ್ದ. ಮುಚ್ಚಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಬೊಗಳುವ ಆಟದ ನಾಯಿಯೊಂದಕ್ಕೆ ಆರ್ಗನ್ನಿನ ದನಿ ಕೂಡಿಸಿ, ಅದನ್ನೆಲ್ಲಿಟ್ಟೆನೆಂದು ತಿಂಗಳಿಂದ ಹುಡುಕುತ್ತಿದ್ದ. ಅಂಥವನ ಮನೆಯಲ್ಲಿ ಅಕ್ಕ, ತನ್ನ ಮನೆಯ ಸುಣ್ಣಬಣ್ಣ ಮುಗಿಯುವವರೆಗೆಂದು, ತೀರಿಹೋದ ಅಪ್ಪ ನುಡಿಸುತ್ತಿದ್ದ ಪುಟ್ಟ ಎಲೆಕ್ಟ್ರಾನಿಕ್ ಆರ್ಗನ್ ಇಟ್ಟುಹೋಗಿದ್ದಳು.

“ಅಪ್ಪಂದು ಅಂತ ಉಳಿದಿರೋದು ಇದೊಂದೇ. ಒಳಗೆ ಕೈ ಹಾಕಿದ್ರೆ ನಾನು ನಿನ್ನ ಅಕ್ಕ ಅಲ್ಲ, ತಿಳ್ಕೋ.”

ನಾಳೆ ಸಂಜೆ ಅದನ್ನು ಒಯ್ಯಲು ಬರುವವಳಿದ್ದಳು.

ಮತ್ತೆ ‘ಕುಂಯ್’. ಆರ್ಗನ್ನಿನದೇ ದನಿ. ಅದರ ಸೆಲ್ ತೆಗೆದಿಟ್ಟ. ಆದರೂ ‘ಕುಂಯ್’.

“ರೀ, ಮಾವನೋರು ಬಂದ್ರಾ?” ಎಂದಳು ಹೆಂಡತಿ ಹೊದಿಕೆಯೊಳಗಿಂದ.

“ಒಳಗೆಲ್ಲೋ ಕರೆಂಟು ಉಳಿದಿದೆ ಕಣೇ. ಹೀಗೇ ಬಿಟ್ರೆ ಸುಟ್ಟುಹೋಗುತ್ತೆ.”

ಬೆಳಗಾಗುತ್ತಲೇ, ಅಕ್ಕನ ಒಳ್ಳೆಯದಕ್ಕೇ ಎಂದು ತನಗೆ ತಾನೇ ಹೇಳಿಕೊಂಡು, ಬಿಚ್ಚಿದ. ಒಳಗೆ ಒಂದೊಂದು ಸ್ವರಕ್ಕೂ ಒಂದೊಂದು ಪುಟ್ಟ ತಿರುಪು. ಒಂದು ತಂತಿಯೂ ಕದಲಿರಲಿಲ್ಲ. ಮುಚ್ಚಬೇಕೆನ್ನುವಷ್ಟರಲ್ಲಿ ಕೆಳಮನೆಯ ಗಡಿಯಾರ ರಿಪೇರಿಯವರು ಬಂದು, “ಧೂಳು ನೋಡಯ್ಯ, ಹಾಸಿಗೆ ಹಾಸ್ಕೊಂಡು ಮಲಗಿದೆ!” ಎಂದು ಜೋರಾಗಿ ಊದಿದರು. ಹಾಸಿಗೆಯೆಲ್ಲ ಬಿಚ್ಚಪ್ಪನ ಕಣ್ಣಿಗೇ ಬಿತ್ತು. ಅವನು ಮುಖ ತೊಳೆದು ಬರುವಷ್ಟರಲ್ಲಿ ಮಹಡಿಯ ಸಂಗೀತ ಮೇಷ್ಟ್ರು ಸೆಲ್ ಹಾಕಿ, ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು.

“ಒಂದು ಸ್ವರ ಇಳಿದಿತ್ತು ಕಣಯ್ಯಾ, ಚಪ್ಪಲಿಯೊಳಗೆ ಕಲ್ಲು ಸಿಕ್ಕಿದ ಹಾಗೆ. ಸರಿ ಮಾಡಿದೀನಿ. ಉಪಕಾರ ಅಂತೆಲ್ಲ ಹೇಳ್ಬೇಡ.”

ಬಿಚ್ಚಪ್ಪ ಬೇಗಬೇಗ ಮುಚ್ಚಿದ. ಜೀವನದಲ್ಲೇ ಮೊದಲ ಸಲ ಒಂದು ಸ್ಕ್ರೂ ಕೂಡ ಮಿಗಲಿಲ್ಲ.

ಸಂಜೆ ಅಕ್ಕ ಬಂದವಳೇ ಅಪ್ಪನ ಹಾಡು ನುಡಿಸಿದಳು. ನಡುವೆ ಬೆರಳು ನಿಂತಿತು.

“ಬಿಚ್ಚಿದೀಯ.”

“ಇಲ್ಲಕ್ಕಾ... ಎಷ್ಟು ಚೆನ್ನಾಗಿದೆ ನೋಡು!”

“ಅದೇ ಹೇಳ್ತಿರೋದು, ಚೆನ್ನಾಗಿದೆ! ಅಪ್ಪನ ಹಾಡು ಇಲ್ಲಿ ಎಡವ್ಬೇಕು ಕಣೋ. ನಾವು ಹಾಡೋಕೆ ಕಲ್ತಿದ್ದೇ ಎಡವ್ಕೊಂಡು.”

ತಪ್ಪಿತಸ್ಥನ ಮುಖ ಹೊತ್ತು ಅವನು ಮತ್ತೆ ಬಿಚ್ಚಿದ. ಅಕ್ಕ ಗುನುಗಿದಳು, ಅವನು ತಿರುಪು ತಿರುವಿದ. “ಇನ್ನೂ ಇಳಿಸು... ಅಯ್ಯೋ, ಜಾಸ್ತಿ ಆಯ್ತು.” ಅವನೂ ಗುನುಗಿದ. ಬೇರೆಯವರೆದುರು ಇಬ್ಬರೂ ಎಂದೂ ಹಾಡಿದವರಲ್ಲ. ಹಾಡಿದರೆ ಜನ ನಗುತ್ತಾರೆಂಬ ಭಯ. ಒಮ್ಮೆಗೇ ಸ್ವರ ಎಡವಿತು. ಹೆಗಲ ಮೇಲೆ ಟವೆಲು, ಒಂದೊಂದು ತೊಡೆಯ ಮೇಲೆ ಒಂದೊಂದು ಮಗು, ‘ನಾನು ಒತ್ತುತೀನಿ, ನಾನು ಒತ್ತುತೀನಿ’ ಎಂಬ ಜಗಳದ ನಡುವೆ ಅಪ್ಪ ಬಂದು ಕೂತ ಹಾಗಾಯಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಮತ್ತೆ ಕೆಟ್ಟುಹೋಯ್ತಲ್ಲಯ್ಯಾ! ಬರ್ಲಾ?” ಮಹಡಿಯಿಂದ ಮೇಷ್ಟ್ರು ಕೂಗಿದರು.

“ಬೇಡ!” ಇಬ್ಬರೂ ಒಟ್ಟಿಗೆ ಕಿರುಚಿದರು.

ಹೊರಡುವಾಗ ಅಕ್ಕ ಆರ್ಗನ್ನನ್ನು ಕೂಸಿನಂತೆ ಅವಚಿಕೊಂಡು, “ಸ್ವರ ಸಿಕ್ತು, ಸರಿ. ಇನ್ಮೇಲೆ ನಿನ್ನ ಕೈಗೆ ನಮ್ಮನೆ ಬೀಗಾನೂ ಕೊಡಲ್ಲ,” ಎಂದಳು.

ಅಂದು ರಾತ್ರಿ ಆರ್ಗನ್ ಇದ್ದ ಮೇಜು ಖಾಲಿಯಾಗಿತ್ತು. ‘ಕುಂಯ್.’

ಬಿಚ್ಚಪ್ಪ ಮಂಚದ ಕೆಳಗೆ ತೆವಳಿದ. ಟ್ರಂಕಿನ ಹಿಂದೆ, ಮುಗಿಯುತ್ತ ಬಂದ ಸೆಲ್ಲಿನಲ್ಲಿ, ಅವನದೇ ಆಟದ ನಾಯಿ ಆರ್ಗನ್ನಿನ ದನಿಯಲ್ಲಿ ಮುಲುಗುತ್ತಿತ್ತು.

“ಆರ್ಗನ್ ಹೋಯ್ತಲ್ರೀ, ಮತ್ತೇನು ಸದ್ದು? ಮಾವನೋರಾ?”

“ಹೂಂ, ಅಪ್ಪಾನೇ ಇರ್ಬೇಕು. ಮಲಗು.”

ಸೆಲ್ ಕಿತ್ತು, ನಾಯಿಯನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟ. ಹೆಂಡತಿಗೂ ಹೇಳೋದು ಬೇಡ, ಮೇಷ್ಟ್ರಿಗೂ ಬೇಡ, ಅಕ್ಕನಿಗಂತೂ ಈ ಜನ್ಮದಲ್ಲಿ ಬೇಡ ಎಂದು ನಿರ್ಧರಿಸಿ ಮುಸುಕೆಳೆದ.