ಲಿಫ್ಟ್ ಕೆಟ್ಟಿದೆ, ಪ್ರಿಂಟರ್ ಸಿದ್ಧವಿದೆ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ಬೋರ್ಡು. ‘ಲಿಫ್ಟ್ ಕೆಟ್ಟಿದೆ, ದಯವಿಟ್ಟು ಮೆಟ್ಟಿಲು ಬಳಸಿ’ ಎಂದು ಹಳದಿ ಹಲಗೆಯ ಮೇಲೆ ಕೆಂಪು ಅಕ್ಷರ, ಅಕ್ಷರಕ್ಕೆ ಕಪ್ಪು ನೆರಳು, ನಾಲ್ಕು ಮೂಲೆಗೂ ಹೂಬಳ್ಳಿ. ಮೂರು ತಿಂಗಳಿಂದ ನೇತಾಡುತ್ತಿದ್ದ ಆ ಬೋರ್ಡು ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ತೆಗೆಯಬೇಕಾಗುತ್ತದಲ್ಲ ಎಂಬ ಸಂಕಟಕ್ಕೇ ಯಾರೂ ಲಿಫ್ಟ್ ರಿಪೇರಿ ಮಾಡಿಸುತ್ತಿಲ್ಲವೇನೋ ಅನ್ನಿಸುತ್ತಿತ್ತು.

ಅದನ್ನು ಬರೆದವರು ನಾಲ್ಕನೇ ಮಹಡಿಯ ಕುಂಚಪ್ಪನವರು. ಬೋರ್ಡು ಬರೆಯುವುದು ಅವರ ಕಸುಬು, ಕುಂಚಪ್ಪ ಎನ್ನುವುದು ಕಟ್ಟಡದವರು ಇಟ್ಟ ಹೆಸರು. ನಿಜವಾದ ಹೆಸರು ಅವರ ಮನೆ ಬಾಗಿಲ ಮೇಲೂ ಇರಲಿಲ್ಲ. ಊರವರಿಗೆಲ್ಲ ಬರೆದುಕೊಟ್ಟು ತಮ್ಮದಕ್ಕೆ ಪುರುಸೊತ್ತಾಗಿರಲಿಲ್ಲ, ಪಾಪ.

ಆ ಭಾನುವಾರ ಸಂಜೆ ಆರಕ್ಕೆ ನಿವಾಸಿಗಳ ಸಭೆ. ಬೆಳಿಗ್ಗೆ ತರಕಾರಿ ಚೀಲ ಹೊತ್ತು ನಾಲ್ಕು ಮಹಡಿ ಹತ್ತಿ ಬಂದ ಹೆಂಡತಿ, ಸೋಫಾದ ಮೇಲೆ ಕುಸಿದು ಮಂಡಿ ನೀವಿಕೊಳ್ಳುತ್ತ ತೀರ್ಪು ಕೊಟ್ಟುಬಿಟ್ಟರು.

“ರೀ, ಇವತ್ತು ಆ ಕಾರ್ಯದರ್ಶಿಗೆ ನೀರಿಳಿಸ್ಲೇಬೇಕು. ಮೊದಲನೇ ಮಹಡೀಲಿ ಹಾಯಾಗಿ ಕೂತಿರೋನಿಗೆ ನನ್ನ ಮಂಡಿ ನೋವು ಹೇಗೆ ಗೊತ್ತಾಗ್ಬೇಕು? ಸಭೇಲಿ ಎದ್ದು ನಿಂತು ಕೇಳಿ.”

“ನಾನಾ?” ಎಂದರು ಕುಂಚಪ್ಪ. ಅಂಗಡಿ ಬೋರ್ಡಿನಲ್ಲಿ ಆಳೆತ್ತರದ ಅಕ್ಷರ ಬರೆಯುವ ಅವರಿಗೆ ನಾಲ್ಕು ಜನರ ಮುಂದೆ ನಾಲ್ಕು ಮಾತಾಡಲು ನಾಲಿಗೆ ಏಳುತ್ತಿರಲಿಲ್ಲ.

“ಹೋಗ್ಲಿ, ಹೆಸರಿಲ್ಲದೆ ಒಂದು ಪತ್ರ ಬರೀರಿ. ಸಭೆಗೆ ಮುಂಚೆ ಎಲ್ಲರ ಮನೆ ಬಾಗಿಲ ಕೆಳಗೂ ತೂರಿಸಿದ್ರಾಯ್ತು.”

ಉಪಾಯವೇನೋ ಸೊಗಸಾಗಿತ್ತು. ಆದರೆ ಕಟ್ಟಡದ ಹನ್ನೆರಡು ಮನೆಗಳಲ್ಲಿ ಹನ್ನೊಂದರ ಹೆಸರಿನ ಫಲಕ ಬರೆದವರು ಕುಂಚಪ್ಪನವರೇ. ಅವರ ‘ಕ’ ನೋಡಿದರೆ ಕಣ್ಣು ಮುಚ್ಚಿಕೊಂಡು ಗುರುತು ಹಿಡಿಯಬಹುದಿತ್ತು. ಹೆಂಡತಿಯ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ಬೀದಿ ತುದಿಯ ಜೆರಾಕ್ಸ್ ಅಂಗಡಿ ಕಾರ್ಯದರ್ಶಿಗಳ ಬಾಮೈದನದು. ಇನ್ನು ಉಳಿದಿದ್ದು ಮನೆಯ ಕಂಪ್ಯೂಟರು, ಮತ್ತು ನಿನ್ನೆಯಷ್ಟೇ ತಂದು ಪೆಟ್ಟಿಗೆಯಲ್ಲೇ ಇಟ್ಟಿದ್ದ ಹೊಸ ಪ್ರಿಂಟರು.

ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವನು ಅಳಿಯ. “ವೈರಸ್ ಬರಲ್ಲ ಮಾವ, ಹಳೇ ಯಂತ್ರಾನೂ ಕುದುರೆ ಥರ ಓಡುತ್ತೆ” ಎಂದಿದ್ದ. ಪ್ರಿಂಟರ್ ಮಾರಿದವನು, “ವೈರೇ ಬೇಡ ಸಾರ್, ವೈಫೈ ಇದ್ರೆ ಸಾಕು. ಹೋದ ವಾರ ನಿಮ್ಮ ಕಟ್ಟಡದೋರೇ ಇಂಥದ್ದೇ ತಗೊಂಡ್ಹೋದ್ರು” ಎಂದಿದ್ದ. ಇಡೀ ಕಟ್ಟಡಕ್ಕೆ ಒಂದೇ ವೈಫೈ. ಕಾರ್ಯದರ್ಶಿಗಳು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು.

ಕುಂಚಪ್ಪ ಪ್ರಿಂಟರನ್ನು ಮೇಜಿನ ಮೇಲಿಟ್ಟು, ಕಾಗದ ತುಂಬಿ, ಸ್ವಿಚ್ಚು ಹಾಕಿದರು. ಕಂಪ್ಯೂಟರಿನಲ್ಲಿ ಪ್ರಿಂಟರುಗಳ ಪಟ್ಟಿ ತೆರೆದರೆ ಆಶ್ಚರ್ಯ! ಅದೇ ಕಂಪನಿ, ಅದೇ ನಂಬರು, ಪಕ್ಕದಲ್ಲಿ ಹಸಿರು ಚುಕ್ಕೆ: ‘ಸಿದ್ಧವಿದೆ’.

“ನೋಡಿದ್ಯೇನೇ? ನಾನು ಏನೂ ಮಾಡ್ಲಿಲ್ಲ, ತಾನಾಗೇ ಹುಡುಕ್ಕೊಂಡುಬಿಡ್ತು! ಇದಕ್ಕೇ ಲಿನಕ್ಸ್ ಅನ್ನೋದು” ಎಂದು ಬೀಗಿದರು.

ಹೆಂಡತಿ ಹೇಳಿದ್ದನ್ನು ಕುಂಚಪ್ಪ ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದರು. ‘ನಮ್ಮ ಮಂಡಿಗಳು ಸವೆದಿವೆ, ಕಾರ್ಯದರ್ಶಿಗಳ ಕುರ್ಚಿ ಮಾತ್ರ ಸವೆದಿಲ್ಲ. ಇನ್ನಾದರೂ ಅವರು ಇಳಿಯಲಿ. ಮೆಟ್ಟಿಲು ಹತ್ತಿ ಬೆವರಿದವರೇ ಆ ಕುರ್ಚಿಯಲ್ಲಿ ಕೂರಲಿ. ಇಂತಿ, ನೊಂದ ನಿವಾಸಿ.’ ಹನ್ನೆರಡು ಪ್ರತಿ ಎಂದು ಕೊಟ್ಟರು. ಅನುಮಾನ ಬರಬಾರದಲ್ಲ, ತಮ್ಮ ಮನೆಗೂ ಒಂದು.

ಗುಂಡಿ ಒತ್ತಿದರು. ‘ಮುದ್ರಣ ಮುಗಿಯಿತು’ ಎಂದಿತು ಕಂಪ್ಯೂಟರು. ಪ್ರಿಂಟರು ಮಾತ್ರ ಊಟ ಮಾಡಿ ಮಲಗಿದವರ ಹಾಗೆ ಬಿದ್ದುಕೊಂಡಿತ್ತು.

ಇನ್ನೊಮ್ಮೆ ಒತ್ತಿದರು. ಮುಗಿಯಿತು. ಪ್ರಿಂಟರನ್ನು ಆರಿಸಿ, ಹಾಕಿ, ಮತ್ತೆ ಒತ್ತಿದರು. ಮುಗಿಯಿತು. ಹಾಳೆ ಮಾತ್ರ ಒಂದೂ ಅಲ್ಲಾಡಲಿಲ್ಲ.

“ಮುಗೀತು ಮುಗೀತು ಅಂತ ಸುಳ್ಳು ಹೇಳುತ್ತಲ್ರೀ ಇದು!” ಎಂದರು ಹೆಂಡತಿ. ಅಳಿಯನಿಗೆ ಫೋನು ಹೋಯಿತು.

“ಪಟ್ಟೀಲಿ ಪ್ರಿಂಟರ್ ಹೆಸರು ಕಾಣಿಸ್ತಿದೆಯಾ ಮಾವ? ಸಿದ್ಧ ಅಂತಿದೆಯಾ? ಹಾಗಾದ್ರೆ ವೈಫೈ ಸರಿಯಾಗಿದೆ, ಒಳಗೇ ಏನೋ ಸಿಕ್ಕಿಹಾಕ್ಕೊಂಡಿದೆ. ಟರ್ಮಿನಲ್ ತೆಗೀರಿ. ಕಪ್ಪು ಕಿಟಕಿ ಬರುತ್ತೆ. ನಾನು ಹೇಳಿದ್ದನ್ನ ಹಾಗೇ ಟೈಪ್ ಮಾಡಿ, ಆಮೇಲೆ ಪಾಸ್‌ವರ್ಡ್ ಕೊಡಿ.”

“ಪಾಸ್‌ವರ್ಡ್ ಹೊಡೀತಿದ್ದೀನಪ್ಪಾ, ಏನೂ ಕಾಣಿಸ್ತಾನೇ ಇಲ್ಲ. ಕೀಬೋರ್ಡೂ ಹೋಯ್ತಾ?”

“ಕಾಣಿಸಲ್ಲ ಮಾವ. ಆದ್ರೆ ಒಳಗೆ ಹೋಗ್ತಿರುತ್ತೆ.”

“ನಿಮ್ಮ ಥರಾನೇ” ಎಂದರು ಹೆಂಡತಿ ಗಂಡನಿಗೆ. “ಹೇಳಿದ್ದೆಲ್ಲ ಒಳಗೆ ಹೋಗಿರುತ್ತೆ, ಮುಖದಲ್ಲಿ ಏನೂ ಕಾಣಿಸಲ್ಲ.”

ಕಂಪ್ಯೂಟರೊಳಗಿನ ಮುದ್ರಣದ ಸರ್ವಿಸು ರೀಸ್ಟಾರ್ಟ್ ಆಯಿತು, ಹನ್ನೆರಡು ಪ್ರತಿ. ಕಂಪ್ಯೂಟರೇ ರೀಸ್ಟಾರ್ಟ್ ಆಯಿತು, ಮತ್ತೆ ಹನ್ನೆರಡು ಪ್ರತಿ. ಎರಡು ಸಲವೂ ‘ಮುದ್ರಣ ಮುಗಿಯಿತು’. ಅಷ್ಟರಲ್ಲಿ ಅಳಿಯ ಬಸ್ಸು ಹತ್ತಬೇಕೆಂದು ಫೋನಿಟ್ಟ.

ಬಾಗಿಲು ತೆರೆದೇ ಇತ್ತು. ಗಲಾಟೆ ಕೇಳಿ ಎದುರುಮನೆಯ ಟ್ಯೂಷನ್ ಮೇಡಂ ಇಣುಕಿದರು. ಅವರ ಹಿಂದೆಯೇ ಮೂರನೇ ಮಹಡಿಯ ಫ್ಯಾನ್ ರಿಪೇರಿಯವರು ಸ್ಕ್ರೂಡ್ರೈವರ್ ಹಿಡಿದೇ ಬಂದರು. ಯಾರ ಮನೆಯಲ್ಲಿ ಏನು ಕೆಟ್ಟರೂ ಅವರಿಗೆ ಮೂಗಿಗೆ ಬಡಿಯುತ್ತಿತ್ತು. ಕುಂಚಪ್ಪ ಗಾಬರಿಯಿಂದ ಹೆಗಲ ಮೇಲಿನ ಟವೆಲ್ಲನ್ನು ಪರದೆಗೆ ಹೊದಿಸಿದರು.

“ಏನು ಪ್ರಿಂಟ್ ಮಾಡ್ತಿದ್ದೀರಿ?” ಮೇಡಂ ಕೇಳಿದರು.

“ಏ... ಏನಿಲ್ಲ, ಅಳಿಯಂದಿರ ಅರ್ಜಿ.”

“ಅದಕ್ಕೆ ಟವೆಲ್ ಯಾಕೆ?”

“ಬಿಸಿಯಾಗಿದೆ” ಎಂದರು ಹೆಂಡತಿ. “ಬೆವರು ಒರೆಸ್ತಿದ್ದಾರೆ.”

ಫ್ಯಾನ್ ರಿಪೇರಿಯವರು ಪ್ರಿಂಟರಿನ ಬೆನ್ನಿಗೆ ಎರಡು ಏಟು ಕೊಟ್ಟರು. ಅವರ ಕೈಯಲ್ಲಿ ಅರ್ಧ ಊರಿನ ಫ್ಯಾನುಗಳು ಹಾಗೆಯೇ ತಿರುಗಿದ್ದವು. ಪ್ರಿಂಟರು ಕಮಕ್ ಕಿಮಕ್ ಅನ್ನಲಿಲ್ಲ. ಮುಚ್ಚಳ ತೆಗೆದು, ಇಂಕಿನ ಡಬ್ಬಿ ಹೊರಗೆಳೆದು ಅಲ್ಲಾಡಿಸಿದರು. ಇಂಕು ಒಳಗಿದ್ದುದಕ್ಕೆ ಪುರಾವೆಯಾಗಿ ಕುಂಚಪ್ಪನವರ ಬಿಳಿ ಅಂಗಿಯ ಮೇಲೆ ನೀಲಿ ಚಿತ್ತಾರ ಮೂಡಿತು.

“ಇಂಕ್ ಇದೆ. ನಿಮ್ಮ ಅರ್ಜೀಲೇ ಏನೋ ದೋಷ ಇದೆ ಸಾಹೇಬ್ರೆ. ಬೇರೆ ಏನಾದ್ರೂ ಹೊಡೆದು ನೋಡೋಣ” ಎಂದರು ಫ್ಯಾನಿನವರು.

ಇಬ್ಬರೂ ಕೊಕ್ಕರೆಗಳಂತೆ ಕತ್ತು ಚಾಚಿ ನಿಂತಿದ್ದರು. ಕುಂಚಪ್ಪ ಟವೆಲ್ಲಿನ ಒಳಗೆ ತಲೆ ತೂರಿಸಿ, ಹಳೆಯ ಕಾಲದ ಫೋಟೋದವರಂತೆ ಕಷ್ಟಪಟ್ಟು ಪತ್ರ ಮುಚ್ಚಿ, ಕೈಗೆ ಸಿಕ್ಕ ಇನ್ನೊಂದು ಫೈಲು ತೆರೆದರು. ಅದು ಅವರ ವಿಸಿಟಿಂಗ್ ಕಾರ್ಡು: ನಗುಮುಖದ ಫೋಟೋ, ಫೋನ್ ನಂಬರು, ಮನೆ ನಂಬರು, ‘ಅಂದವಾದ ಅಕ್ಷರಗಳಿಗೆ ಸಂಪರ್ಕಿಸಿ’. ಅದನ್ನೂ ಒತ್ತಿದರು. ಅದೂ ಮುಗಿಯಿತು.

“ಹಾಗಾದ್ರೆ ಇದರ ಹಣೇಬರಹಾನೇ ಇಷ್ಟು” ಎಂದು ಫ್ಯಾನಿನವರು ಕೈ ಚೆಲ್ಲಿದರು.

ಗಂಟೆ ಐದೂಮುಕ್ಕಾಲು. ಪತ್ರವಿಲ್ಲ, ಪುಕ್ಕಲು ಹೋಗಿಲ್ಲ, ಅಂಗಿ ಬದಲಾಯಿಸಲು ಹೊತ್ತಿಲ್ಲ. ಹೆಂಡತಿಯ ಮುಖ ನೋಡಿ ಕುಂಚಪ್ಪನವರಿಗೆ ನಿಜಕ್ಕೂ ಬೇಸರವಾಯಿತು. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ ಆಕೆಗೆ ಕೈ ಕೊಟ್ಟು, “ಮುಂದಿನ ಸಭೆಗೆ ಖಂಡಿತ ಕಣೇ” ಎಂದರು.

ಕೆಳಗೆ, ಕೆಟ್ಟ ಲಿಫ್ಟಿನ ಪಕ್ಕದಲ್ಲೇ ಕುರ್ಚಿಗಳನ್ನು ಹಾಕಿದ್ದರು. ಎಲ್ಲರೂ ಬಂದಿದ್ದರು. ಕಾರ್ಯದರ್ಶಿಗಳು ದಪ್ಪನೆಯದೊಂದು ಕಾಗದದ ಕಟ್ಟು ಹಿಡಿದು ಎದ್ದು ನಿಂತರು. ಅವರ ಮುಖದಲ್ಲಿ ಎಂದೂ ಕಾಣದ ಕಳೆ.

“ಮಹನೀಯರೇ, ಮಧ್ಯಾಹ್ನ ಸ್ವಲ್ಪ ಮಲಗೋಣ ಅಂದ್ರೆ ಪಕ್ಕದ ರೂಮಲ್ಲಿ ನನ್ನ ಹೊಸ ಪ್ರಿಂಟರು ತಾನೇ ತಾನಾಗಿ ಗರ್ರ್ ಅನ್ನಕ್ಕೆ ಶುರು ಮಾಡ್ತು. ಹೋಗಿ ನೋಡ್ತೀನಿ, ಹನ್ನೆರಡು ಪತ್ರ! ಓದೋದ್ರೊಳಗೆ ಇನ್ನು ಹನ್ನೆರಡು. ಹೀಗೆ ಒಟ್ಟು ಅರವತ್ತು. ಇಷ್ಟು ನೊಂದ ನಿವಾಸಿ ಯಾರಪ್ಪಾ ಅಂತ ನನಗೇ ಕಣ್ಣಲ್ಲಿ ನೀರು ಬಂತು.”

ಹಸಿರು ಚುಕ್ಕೆ ಯಾರ ಮನೆಯ ಪ್ರಿಂಟರಿನದೆಂದು ಕುಂಚಪ್ಪನವರಿಗೆ ಆಗ ಹೊಳೆಯಿತು. ಆದರೂ ಒಂದು ಸಮಾಧಾನ: ಪತ್ರಕ್ಕೆ ಹೆಸರಿರಲಿಲ್ಲ.

“ಕೊನೇಗೆ ಇದು ಬಂತು” ಎನ್ನುತ್ತ ಕಾರ್ಯದರ್ಶಿಗಳು ಅರವತ್ತೊಂದನೇ ಹಾಳೆ ಎತ್ತಿ ಹಿಡಿದರು. ಅದರಲ್ಲಿ ಕುಂಚಪ್ಪ ಮುಗುಳ್ನಗುತ್ತಿದ್ದರು.

ಸಭೆ ಗೊಳ್ಳೆಂದಿತು. ಕುಂಚಪ್ಪ ಕಾಲಿಗೆ ಬುದ್ಧಿ ಹೇಳೋಣವೆಂದರೆ ಒಂದು ಪಕ್ಕದಲ್ಲಿ ಫ್ಯಾನಿನವರು, ಇನ್ನೊಂದು ಪಕ್ಕದಲ್ಲಿ ಮೇಡಂ. ಕಾರ್ಯದರ್ಶಿಗಳು ಬಂದವರೇ ಅವರನ್ನು ಬಿಗಿದಪ್ಪಿದರು.

“ಏಳು ವರ್ಷದಿಂದ ಈ ಕುರ್ಚಿ ಬಿಡ್ತೀನಿ ಅಂತ ಬೇಡ್ಕೊಂಡೆ, ಒಬ್ರೂ ಮುಂದೆ ಬರ್ಲಿಲ್ಲ. ಲಿಫ್ಟಿನೋನಿಗೆ ದಿನಾ ಮೂರು ಸಲ ಫೋನ್ ಮಾಡ್ತೀನಿ, ಎತ್ತಲ್ಲ. ಇಲ್ಲಿ ಇವರೇ ಬರೆದಿದ್ದಾರೆ, ಮೆಟ್ಟಿಲು ಹತ್ತಿ ಬೆವರಿದೋರೇ ಕೂರ್ಲಿ ಅಂತ. ನಾಲ್ಕನೇ ಮಹಡಿಯೋರು, ಅಂಗಿ ನೋಡಿ, ಬೆವರೂ ನೀಲಿಯಾಗಿದೆ! ಒಪ್ಪೋರು ಕೈ ಎತ್ತಿ.”

ಮೊದಲು ಮೇಲೆದ್ದ ಕೈ ಹೆಂಡತಿಯದು.

ಕುಂಚಪ್ಪ ಬೀಗದ ಕೈ ಗೊಂಚಲು, ಹರಿದ ಫೈಲು, ಯಾರೂ ಎತ್ತದ ಆ ಫೋನ್ ನಂಬರು ಹೊತ್ತು ನಾಲ್ಕು ಮಹಡಿ ಹತ್ತಿದರು. ಬಸ್ಸಿಳಿದ ಅಳಿಯನ ಫೋನು ಬಂತು.

“ಮಾವ, ಒಂದು ಕೇಳೋದು ಮರೆತಿದ್ದೆ. ಪ್ರಿಂಟರಿನ ಮೇಲೆ ವೈಫೈ ದೀಪ ಹತ್ತಿದೆಯಾ?”

“ಯಾವ ದೀಪ?”

ಅವನು ಹೇಳಿದ ಗುಂಡಿ ಒತ್ತಿದರು. ನೀಲಿ ದೀಪ ಮಿನುಗಿ ನಿಂತಿತು. ಪಟ್ಟಿಯಲ್ಲಿ ಈಗ ಒಂದೇ ಹೆಸರಿನ ಎರಡು ಪ್ರಿಂಟರುಗಳು, ಎರಡಕ್ಕೂ ಹಸಿರು ಚುಕ್ಕೆ. ಕುಂಚಪ್ಪ ನಿಟ್ಟುಸಿರಿಟ್ಟು ಕಾಫಿ ಕುಡಿಯಲು ಕೂತರು. ಲೋಟ ಅರ್ಧವಾಗಿತ್ತಷ್ಟೆ, ಪ್ರಿಂಟರು ಗರ್ರ್ ಎಂದು ಎದ್ದಿತು.

“ಬಂತು! ಬಂತು ಕಣೇ!” ಎಂದು ಅವರು ಕುಣಿದೇಬಿಟ್ಟರು.

“ನೀವು ಏನೂ ಒತ್ತಿಲ್ವಲ್ರೀ?” ಎಂದರು ಹೆಂಡತಿ.

ಹಾಳೆಗಳು ಒಂದೊಂದಾಗಿ ಹೊರಬಿದ್ದವು, ಸರಿಯಾಗಿ ಹನ್ನೆರಡು. ‘ಸನ್ಮಾನ್ಯ ಕಾರ್ಯದರ್ಶಿಗಳೇ, ತಾವು ಅಧಿಕಾರ ವಹಿಸಿಕೊಂಡು ಒಂದು ಗಂಟೆ ಕಳೆದರೂ ಲಿಫ್ಟ್ ಇನ್ನೂ ರಿಪೇರಿಯಾಗಿಲ್ಲ. ಇದು ಖಂಡನೀಯ. ನಮ್ಮ ಮನೆಯ ಕಾಗದವೆಲ್ಲ ತಮ್ಮಿಂದ ಖಾಲಿಯಾಗಿರುವುದರಿಂದ ತಮ್ಮ ಪ್ರಿಂಟರ್ ಪಟ್ಟಿಯಲ್ಲಿ ಕಾಣಿಸುವುದನ್ನೇ ಕಾಯುತ್ತಿದ್ದೆ. ದಯವಿಟ್ಟು ಎಲ್ಲ ಮನೆಗಳಿಗೂ ತಾವೇ ಹಂಚಬೇಕಾಗಿ ಕೋರಿಕೆ. ಇಂತಿ, ನೊಂದ ನಿವಾಸಿ, ಮೊದಲನೇ ಮಹಡಿ.’

ಹೆಂಡತಿ ಓದಿ, ನಕ್ಕು ನಕ್ಕು ಕಣ್ಣೊರೆಸಿಕೊಂಡು, ಚಪ್ಪಲಿ ತಂದು ಗಂಡನ ಕಾಲ ಬಳಿ ಇಟ್ಟರು. “ಹೋಗಿ ಬನ್ನಿ. ಪತ್ರದಲ್ಲಿರೋದು ನ್ಯಾಯವಾಗೇ ಇದೆ.”

ಕುಂಚಪ್ಪ ಒಂದು ಹಾಳೆಯನ್ನು ತಮ್ಮ ಬಾಗಿಲ ಕೆಳಗೇ ತೂರಿಸಿ, ಉಳಿದ ಹನ್ನೊಂದನ್ನು ಹಿಡಿದು ಮೆಟ್ಟಿಲಿಳಿದರು.