ಮಂಗಳನಿಗೆ ಹೊರಟ ಭಂಡಾರ

ನನ್ನ ಕೈಗುಣ ಎಂಥದೆಂದು ಹುನಗುಂದದ ಸುತ್ತಮುತ್ತ ಯಾರನ್ನು ಬೇಕಾದರೂ ಕೇಳಿರಿ. ಹೊಸ ಟ್ರ್ಯಾಕ್ಟರ್ ಬಂದರೆ ಅದರ ಹಣೆಗೆ ಭಂಡಾರ ಹಚ್ಚಲು ನನ್ನನ್ನೇ ಕರೆಯುತ್ತಾರೆ. ಭಂಡಾರವೆಂದರೆ ನಮ್ಮ ಬೀರಪ್ಪನ ಗುಡಿಯ ಅರಿಷಿಣ ಪುಡಿ. ಅದರ ಚೀಲ ನನ್ನ ಸೊಂಟ ಬಿಟ್ಟು ಇಳಿದದ್ದಿಲ್ಲ. ಮನೆಯಿಂದ ದೂರ ಹೊರಟದ್ದು ಕುರಿಯಾಗಲಿ, ಮದುಮಗಳಾಗಲಿ, ಚಿಟಿಕೆ ಭಂಡಾರ ಬಿದ್ದೇ ಹೊಸ್ತಿಲು ದಾಟಬೇಕು. ಇಂಥ ಕೈಯಿಂದ ಯಾರ ಕೆಲಸವಾದರೂ ಕೆಟ್ಟೀತೇ?

ಕೆಟ್ಟಿತು! ಅದೂ ಮಂಗಳ ಗ್ರಹದ ಕೆಲಸ!

ನನ್ನ ಮೊಮ್ಮಗಳು ರೇಣುಕಾ ದೇಶದ ಅಂತರಿಕ್ಷ ಸಂಸ್ಥೆಯಲ್ಲಿದ್ದಾಳೆ. ಈ ಮಾತು ಬರೆಯುವಾಗ ಮೀಸೆ ತಾನಾಗಿಯೇ ಮೇಲೇರುತ್ತದೆ, ನಾನೇನು ಮಾಡಲಿ? ನಾನು ಓದಿದ್ದು ಮೂರನೇ ಇಯತ್ತೆ. ಅದನ್ನೂ ಕುರಿಗಳು ಕರೆದವೆಂದು ನಡುವೆಯೇ ಬಿಟ್ಟು ಎದ್ದುಬಂದೆ. ಮೊಮ್ಮಗಳಿಗೆ ಏನು ಕೆಲಸವೆಂದು ಕೇಳಿದವರಿಗೂ ಕೇಳದವರಿಗೂ "ರಾಕೆಟ್ ಹಾರಸ್ತಾಳ" ಎಂದು ಹೇಳಿಕೊಂಡು ತಿರುಗುತ್ತಿದ್ದೆ. ರಜೆಗೆ ಬಂದವಳು ನನ್ನನ್ನು ತಿದ್ದಿದಳು.

"ಹಾರಸೂದಿಲ್ಲೋ ಅಜ್ಜಾ. ಬ್ಯಾರೆ ಗ್ರಹಕ್ಕ ಹೋಗೂ ನೌಕಿ ಮ್ಯಾಲ ನಮ್ಮ ಭೂಮಿಯ ಸೂಕ್ಷ್ಮಜೀವಿ ಕುಂತು ಹೋಗಬಾರದು. ಅದನ್ನ ನೋಡಕೊಳ್ಳೂ ಮಂದ್ಯಾಗ ನಾ ಒಬ್ಬಾಕಿ."

"ಅಂದ್ರ ತೊಳಿಯೂ ಕೆಲಸೇನ?" ನನ್ನ ಹೆಂಡತಿ ಗಂಗವ್ವ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. "ಅಷ್ಟೆಲ್ಲಾ ಓದಿ ತಿಕ್ಕಾಕ ಹತ್ತೀಯಲ್ಲ ಯವ್ವಾ!"

"ತಿಕ್ಕತೀವಿ, ಕಾಸ್ತೀವಿ, ಒರಸ್ತೀವಿ ಅಜ್ಜೀ. ಒರಸಿದ ಹತ್ತ್ಯಾಗ ಜೀವ ಏನರ ಉಳದೈತೇನಂತ ಬೆಳಸಿ ನೋಡತೀವಿ. ನೌಕಿ ಇರೂ ಖೋಲಿಯೊಳಗ ಗಾಳೀನೂ ಸೋಸಿ ಬಿಡತೀವಿ. ಚಂದ್ರಗ ಹೋಗೂದಕ್ಕ ಇಷ್ಟು ಬಿಗಿ ಇಲ್ಲ. ಮಂಗಳದ ನೆಲಕ್ಕ ಇಳಿಯೂದಕ್ಕ ಭಾಳ ಬಿಗಿ. ಅಲ್ಲಿ ಜೀವ ಹುಡುಕಾಕ ಹೋಗಿ, ನಾವ ಒಯ್ದದ್ದನ್ನ ನಾವ ಕಂಡು ಕುಣದ್ರ ಹೆಂಗ?"

ಗಂಗವ್ವನಿಗೆ ತಿಳಿಯಿತೋ ಇಲ್ಲವೋ, ನನಗೆ ತಟ್ಟನೆ ಹೊಳೆಯಿತು. ಅಮೀನಗಡದ ಸಂತೆಯಲ್ಲಿ ಕೊಂಡ ಕುರಿಯನ್ನು ನಾವು ನೇರವಾಗಿ ಹಿಂಡಿಗೆ ಬಿಡುವುದಿಲ್ಲ. ಬೇರೆ ಕಟ್ಟಿ, ಕೆಮ್ಮು ಕಜ್ಜಿ ನೋಡಿ, ಆಮೇಲೆ ಬಿಡುತ್ತೇವೆ. ಆದರೆ ಅದು ನಮ್ಮ ಹಿಂಡು, ನಮ್ಮ ಲಾಭ. ಇವರೋ, ಅಲ್ಲಿ ಯಾವ ಜೀವ ಇದೆಯೋ ಇಲ್ಲವೋ ಯಾರೂ ಕಂಡಿಲ್ಲ, ಆದರೂ ಇದ್ದರೆ ಅದಕ್ಕೆ ನಮ್ಮಿಂದ ತೊಂದರೆಯಾಗಬಾರದು ಎನ್ನುತ್ತಾರೆ! ಪಕ್ಕದವರ ಹೊಲದಲ್ಲಿ ಕುರಿ ನುಗ್ಗಿದಾಗ ನಾನು ಅಷ್ಟು ವಿಚಾರ ಮಾಡಿದವನಲ್ಲ. ಎಂಥ ದೊಡ್ಡ ಮನಸ್ಸಿನ ಜನ! ನನ್ನ ಕಣ್ಣು ಒದ್ದೆಯಾಯಿತು. ಅಷ್ಟಕ್ಕೇ ನಿಂತಿದ್ದರೆ ಎಲ್ಲ ಚೆನ್ನಾಗಿತ್ತು.

ಇದನ್ನೆಲ್ಲ ಮಕ್ಕಳಿಗೆ ತೋರಿಸಿಕೊಡೆಂದು ರೇಣುಕಾ ಕಲಿತ ಶಾಲೆಯವರೇ ಅವಳನ್ನು ಕರೆದಿದ್ದರು. ಇಲ್ಲಿ ಚೆನ್ನಾಗಿ ನಡೆದರೆ ಬಾದಾಮಿ, ಬಾಗಲಕೋಟೆಯ ಶಾಲೆಗಳಿಗೂ ಅವಳನ್ನೇ ಕಳಿಸುತ್ತೇವೆಂದು ಅವಳ ಸಂಸ್ಥೆಯ ಮೇಲಿನವರು ಹೇಳಿದ್ದರಂತೆ. ಅದಕ್ಕಾಗಿ ಅವಳು ಬಂಗಾರದ ಬಣ್ಣದ ಹಾಳೆ ಸುತ್ತಿದ ಒಂದು ಆಟಿಕೆ ನೌಕೆ ತಂದಿದ್ದಳು. ಕೈಗವಸು, ಮುಖಗವಸು ಹಾಕಿಕೊಂಡು ಅದನ್ನು ಒರೆಸಿಯೇ ಒರೆಸಿದಳು. ಜೊತೆಗೆ ಮುಚ್ಚಳವಿರುವ ಮೂರು ಗಾಜಿನ ಬಟ್ಟಲು. ಒಳಗೆ ಸೂಕ್ಷ್ಮಜೀವಿ ಬೆಳೆಯಲೆಂದು ಹಾಕಿದ, ಹೆಪ್ಪುಗಟ್ಟಿದ ಅಂಬಲಿಯಂಥದ್ದು. ಒಂದಕ್ಕೆ ನನ್ನ ಚಪ್ಪಲಿ ಒರೆಸಿದ ಹತ್ತಿ ಸವರಿದಳು, ಒಂದಕ್ಕೆ ಗಂಗವ್ವನ ಕೈ ಒರೆಸಿದ್ದು, ಮೂರನೆಯದಕ್ಕೆ ನೌಕೆ ಒರೆಸಿದ್ದು. ಮೇಲೆ ಕನ್ನಡದಲ್ಲೇ ಚೀಟಿ: ಚಪ್ಪಲಿ, ಕೈ, ನೌಕೆ. ಎಲ್ಲವನ್ನೂ ಕಪಾಟಿನಲ್ಲಿಟ್ಟಳು.

"ಅಜ್ಜಾ, ನೌಕಿ ಬಟ್ಟಲದಾಗ ಏನೂ ಬೆಳೀಬಾರದು. ಮಕ್ಕಳ ಮುಂದ ನನ್ನ ಮಾತಿಗೆ ಅದ ಸಾಕ್ಷಿ. ಮುಟ್ಟಬ್ಯಾಡ."

"ನಾ ಯಾಕ ಮುಟ್ಟಲಿ ಯವ್ವಾ?" ಎಂದೆ. ಹೇಳುವಾಗ ಅದು ಖರೆಯೇ ಆಗಿತ್ತು!

ಮರುದಿನ ಅಜ್ಜಿ, ಮೊಮ್ಮಗಳು ಸೀರೆಗೆಂದು ಇಳಕಲ್ಲಿಗೆ ಹೋದರು. ಪಕ್ಕದ ಮನೆಯ ಗೆಳೆಯ ಲಾಲಸಾಬ ಬಂದ. ಮೊಮ್ಮಗಳ ವಿದ್ಯೆಯನ್ನು ತೋರಿಸದೆ ಇರಲಾದೀತೇ? ಕಪಾಟು ತೆರೆದೆ. ನೋಡುವುದೆಂದರೆ ಮುಟ್ಟುವುದಲ್ಲವಲ್ಲ! ಚಪ್ಪಲಿಯ ಬಟ್ಟಲಲ್ಲಿ ಆಗಲೇ ಚುಕ್ಕೆಗಳೆದ್ದಿದ್ದವು. ನೌಕೆಯ ಬಟ್ಟಲು ಬೋಳು ಗುಡ್ಡದಂತೆ ಇತ್ತು. ಒಂದೊಂದೇ ಅಕ್ಷರ ಕೂಡಿಸಿ ಚೀಟಿ ಓದಿದೆ. ನೌ... ಕೆ. ಎದೆ ಜುಮ್ಮೆಂದಿತು. ನೌಕೆಯೆಂಬ ಹೆಸರು ಹೊತ್ತದ್ದು ನನ್ನ ಮನೆಯಿಂದ ಭಂಡಾರವಿಲ್ಲದೆ ಹೊರಡುವುದೇ?

"ಮುಟ್ಟಬ್ಯಾಡ ಅಂದಾಳಂತ ನೀನ ಹೇಳಿದೆಲ್ಲೋ," ಎಂದ ಲಾಲಸಾಬ.

"ಮುಟ್ಟೂದಿಲ್ಲಲೇ, ಬರೇ ಮ್ಯಾಲಿಂದ ಉದರಸ್ತೀನಿ."

ಮುಚ್ಚಳ ತೆಗೆದೆ. ಚಿಟಿಕೆ ಎಂದುಕೊಂಡಿದ್ದೆ, ಬಿದ್ದದ್ದು ಹಿಡಿ! ಬಟ್ಟಲೆಲ್ಲ ಹಳದಿ.

"ಊದಲೇ, ಊದು!" ಎಂದ ಲಾಲಸಾಬ. ಊದಿದೆ. ಪುಡಿ ಹೋಗಲಿಲ್ಲ, ನನ್ನ ಎಲೆ ಅಡಿಕೆಯ ಎರಡು ಹನಿ ಹೋಗಿ ಬಿದ್ದವು! ಗಾಬರಿಯಾಗಿ ಕಂಬಳಿಯ ತುದಿಯಿಂದ ಒರೆಸಿದೆ. ಒರೆಸುವಾಗ ಹೆಬ್ಬೆರಳು ಅಂಬಲಿಯೊಳಗೇ ಇಳಿಯಿತು. ಮುಚ್ಚಳ ಹಾಕಿ, ಕಪಾಟು ಮುಚ್ಚಿ, ಬೀರಪ್ಪನಿಗೆ ಕೈಮುಗಿದೆ.

"ಅರಿಷಿಣ ಹುಳಾ ಕೊಲ್ತೈತಿ ಬಿಡು," ಎಂದು ಲಾಲಸಾಬ ಸಮಾಧಾನ ಹೇಳಿದ. ಹೇಳಿ, ಚಹಾ ಕೂಡ ಕುಡಿಯದೆ ಹೋದ!

ನಾಲ್ಕು ದಿನ ಬಿಟ್ಟು, ಕಾರ್ಯಕ್ರಮದ ದಿನ ತಲೆಗೆ ಹೊಸ ಪಟಗ ಸುತ್ತಿಕೊಂಡು ಮುಂದಿನ ಸಾಲಿನಲ್ಲೇ ಕುಳಿತೆ. ರೇಣುಕಾ ಎಷ್ಟು ಚಂದ ಮಾತಾಡಿದಳೆಂದರೆ, ಗದ್ದಲ ಮಾಡುವ ಹುಡುಗರೂ ಬಾಯಿ ಮುಚ್ಚಿ ಕೇಳಿದರು. ನಾನು ಬಟ್ಟಲನ್ನೇ ಮರೆತಿದ್ದೆ. ಮಕ್ಕಳ ಮುಂದೆಯೇ ತೆರೆಯಬೇಕೆಂದು ಬಟ್ಟೆ ಸುತ್ತಿಟ್ಟಿದ್ದ ಬಟ್ಟಲುಗಳಲ್ಲಿ ಅವಳು ಮೊದಲು ಚಪ್ಪಲಿಯದನ್ನು ಎತ್ತಿದಳು: ಚುಕ್ಕೆ ಚುಕ್ಕೆ. ಕೈ: ಒಂದಿಷ್ಟು ಚುಕ್ಕೆ. "ಈಗ ನೋಡ್ರಿ, ಸ್ವಚ್ಛ ಮಾಡಿದ ನೌಕಿ," ಎಂದು ಮೂರನೆಯದನ್ನು ಎತ್ತಿದಳು.

ನೌಕೆಯಲ್ಲಿ ಕಾಡು ಬೆಳೆದಿತ್ತು! ಹಸಿರು, ಕಪ್ಪು, ಹಳದಿ. ಬಿಳಿ ಬೂಸ್ಟು ಮುಚ್ಚಳಕ್ಕೆ ತಲೆ ತಾಗಿಸಿ ನಿಂತಿತ್ತು. ಮಕ್ಕಳು ಹೋ ಎಂದು ನಕ್ಕರು. ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸಿಕೊಂಡರು. ರೇಣುಕಾಳ ಮುಖ ಬಿಳಿಚಿಕೊಂಡಿತು. ಅವಳು ಬಟ್ಟಲನ್ನೇ ನೋಡಿದಳು, ಅದರ ನಡುವಿನ ಹಳದಿಯನ್ನು ನೋಡಿದಳು. ಆಮೇಲೆ ನನ್ನ ಸೊಂಟದ ಚೀಲವನ್ನು ನೋಡಿದಳು.

ಎದ್ದು ನಿಂತೆ. "ಆಕಿ ತಪ್ಪಿಲ್ರಿ ಸರ. ಅದು ನಾ ಬಿತ್ತಿದ ಪೀಕು!"

"ವೇದಿಕಿ ಮ್ಯಾಲ ಬಾ ಅಜ್ಜಾ," ಎಂದಳು. ಬೈಯುತ್ತಾಳೆಂದುಕೊಂಡೆ. "ಏನೇನು ಮಾಡಿದಿ, ಒಂದೂ ಬಿಡದ ಹೇಳು."

ಹೇಳಿದೆ. ಭಂಡಾರ, ಊದಿದ್ದು, ಎಲೆ ಅಡಿಕೆ, ಕಂಬಳಿ, ಹೆಬ್ಬೆರಳು. ಒಂದೊಂದಕ್ಕೂ ಅವಳು ಬಟ್ಟಲಿನಲ್ಲಿ ಜಾಗ ತೋರಿಸಿದಳು. "ನಮ್ಮಲ್ಲೂ ಹಿಂಗ. ಯಾರರ ತಪ್ಪಿ ಮುಟ್ಟಿದ್ರ ಮುಚ್ಚಿಡಬಾರದು, ಹೇಳಬೇಕು. ಹೇಳಿದ್ರ ಮತ್ತ ಸ್ವಚ್ಛ ಮಾಡಬಹುದು, ಮುಚ್ಚಿಟ್ರ ಅದು ಮಂಗಳಕ್ಕ ಹೋಗತೈತಿ. ನಮ್ಮ ಅಜ್ಜ ಇವತ್ತು ಹೇಳ್ಯಾನ. ಚಪ್ಪಾಳಿ ತಟ್ರಿ."

ಚಪ್ಪಾಳೆ ಬಿತ್ತು! ಪಟಗ ಸರಿಮಾಡಿಕೊಂಡೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು.

"ಅಕ್ಕಾರ, ಈ ನೌಕಿ ಹಂಗ ಮಂಗಳಕ್ಕ ಹೋಗಿದ್ರ?"

ರೇಣುಕಾ ಬೂಸ್ಟಿನಲ್ಲಿ ಸಿಕ್ಕಿದ್ದ ಕಂಬಳಿಯ ಎಳೆ ತೋರಿಸಿದಳು. "ಮಂಗಳದಾಗ ಕುರಿ ಅದಾವು ಅಂತ ಪೇಪರನ್ಯಾಗ ಬರತಿತ್ತು!"

ನಗು ಶಾಲೆಯ ಹೆಂಚು ಹಾರಿಸಿತು. ಮುಖ್ಯೋಪಾಧ್ಯಾಯರು ಅಲ್ಲೇ, ಬಾದಾಮಿಯ ಶಾಲೆಯವರಿಗೂ ತಾವೇ ಫೋನ್ ಮಾಡುವುದಾಗಿ ಹೇಳಿದರು. "ಆದ್ರ ಅಜ್ಜಾರನ್ನೂ ಕರಕೊಂಡ ಹೋಗಬೇಕವ್ವಾ."

ಮನೆಗೆ ಬಂದ ಮೇಲೆ ರೇಣುಕಾ ಬಟ್ಟಲುಗಳನ್ನು ಹಾಗೆಯೇ ಬಿಸಾಡಬಾರದೆಂದು ಗಂಗವ್ವನ ಕುಕ್ಕರಿನಲ್ಲಿಟ್ಟು ಬೇಯಿಸಿದಳು. ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ಗಂಗವ್ವ ನನ್ನ ಕಡೆ ನೋಡಿದಳು. "ಇನ್ನ ಇದರಾಗ ಬ್ಯಾಳಿ ಬೇಸೂದಿಲ್ಲ. ಹೊಸಾದು ತರ್ರಿ. ತಂದದ್ದಕ್ಕ ಭಂಡಾರ ಹಚ್ಚಬ್ಯಾಡ್ರಿ!"

ರಜೆ ಮುಗಿದು ರೇಣುಕಾ ಹೊರಟಾಗ ನಾನು ಭಂಡಾರದ ಚೀಲ ಮುಟ್ಟದೆ ದೂರ ನಿಂತಿದ್ದೆ. ಅವಳೇ ಬಂದು ಹಣೆ ಒಡ್ಡಿದಳು. "ಹಚ್ಚು ಅಜ್ಜಾ. ನೌಕಿ ಖೋಲಿ ಒಳಗ ಹೋಗೂಮುಂದ ಮಾರಿ ತೊಳಕೊಂಡ ಹೋಗ್ತೀನಿ."

ಮೊನ್ನೆ ಫೋನಿನಲ್ಲಿ ಒಂದು ಸುದ್ದಿ ಹೇಳಿದಳು. ಹೊಸದಾಗಿ ಸೇರಿದವರಿಗೆ ಪಾಠ ಮಾಡುವಾಗ ಅವಳು ನನ್ನ ಬಟ್ಟಲಿನ ಫೋಟೋ ತೋರಿಸುತ್ತಾಳಂತೆ. ನಾನು ಆ ಕ್ಷಣವೇ ಲಾಲಸಾಬನ ಮನೆಗೆ ಓಡಿದೆ.

"ಲೇ, ನನ್ನ ಹೆಬ್ಬಟ್ಟು ಅಂತರಿಕ್ಷ ಸಂಸ್ಥಿ ಮುಟ್ಟೇತಿ!"

"ಹೌದೇನ? ಆಕಿ ಕೆಲಸ ಏನಂದಿ ಮತ್ತ?"

"ಭೂಮಿಯಿಂದ ಮಂಗಳನ್ನ ಕಾಪಾಡೂದು," ಎಂದೆ, ಮೀಸೆ ತಿರುವುತ್ತ.

ಲಾಲಸಾಬ ನನ್ನನ್ನು ಪಟಗದಿಂದ ಚಪ್ಪಲಿಯವರೆಗೆ ನೋಡಿದ.

"ಭೂಮಿ ಅಂದ್ರ ನೀನ ಏನಲೇ?"